ಎದ್ದು ನಿಲ್ಲದ ಸಾಹೇಬರು

ಸ್ವಉದ್ಯೋಗ ತರಬೇತಿಯಲ್ಲಿ ಉಳಿದಿದ್ದು ಒಂದೇ ಸೀಟು. ತರಬೇತಿ ಮುಗಿಸಿದವರಿಗೆ ಹೊಲಿಗೆ ಯಂತ್ರ ಸಿಗುತ್ತಿತ್ತು. ಗದುಗಿನ ಫಕ್ಕೀರವ್ವ ಅಲ್ಲಿಯವರೆಗೆ ಹೊಲಿದದ್ದೆಲ್ಲ ಪರರ ಯಂತ್ರದಲ್ಲಿ.

ಆಯ್ಕೆಯ ಸಾಹೇಬರು ಕುರ್ಚಿಗೆ ಒರಗಿ ಹೇಳಿದರು: “ಹೊಲಿಗೆ ಯಾರಿಗಾದರೂ ಬರುತ್ತದೆ. ಉದ್ಯಮಿಗೆ ಮನೋಭಾವ ಬೇಕು. ಜನರ ಅಗತ್ಯವನ್ನು ಅವರು ಬಾಯಿ ಬಿಡುವ ಮೊದಲೇ ಕಾಣಬೇಕು. ಈ ಆಫೀಸಿನಲ್ಲಿ ನಿನ್ನ ಗಿರಾಕಿ ಯಾರು, ತೋರಿಸು. ಇಲ್ಲವಾದರೆ ಹೊರಡು.”

ಫಕ್ಕೀರವ್ವ ಬೆಳಗಿನಿಂದ ಬಾಗಿಲ ಬಳಿ ಕೂತು ನೋಡಿದ್ದಳು. ಮೇಲಧಿಕಾರಿ ಬಂದಾಗಲೂ ಈ ಸಾಹೇಬರು ಎದ್ದಿರಲಿಲ್ಲ, ಕೂತಲ್ಲೇ ಕೈಮುಗಿದಿದ್ದರು. ಎಲ್ಲರೂ ಚಹಾಕ್ಕೆ ಹೋದಾಗಲೂ ಕುರ್ಚಿ ಬಿಟ್ಟಿರಲಿಲ್ಲ.

ಅವಳು ಬಾಗಿ ಮೆಲ್ಲಗೆ ಅಂದಳು: “ಸೂಜಿ ದಾರ ತಂದೀನ್ರಿ ಸಾಹೇಬ್ರ. ಪ್ಯಾಂಟಿನ ಹೊಲಿಗಿ ಬಿಚ್ಚೇತೋ, ಬಟ್ಟೀನ ಹರದೈತೋ?”

ಸಾಹೇಬರು ಸುತ್ತ ನೋಡಿ, “ಹೊಲಿಗೆ,” ಎಂದರು, ಅವಳಿಗಷ್ಟೇ ಕೇಳುವಂತೆ.

ಅವಳು ಸೂಜಿ ದಾರ ತೆಗೆದಿಟ್ಟುಕೊಂಡು ಕೊಟ್ಟ ಕೈಚೀಲವನ್ನು ಹಿಂದೆ ಅಡ್ಡ ಹಿಡಿದುಕೊಂಡು ಪಕ್ಕದ ಕೋಣೆಗೆ ಹೋದರು. ಬಾಗಿಲ ಸಂದಿಯಿಂದ ಪ್ಯಾಂಟು ಹೊರಗೆ ಬಂತು, ಹತ್ತು ನಿಮಿಷಕ್ಕೆ ಒಳಗೆ ಹೋಯಿತು.

ಹೊರಬಂದ ಸಾಹೇಬರು ಆ ದಿನ ಮೊದಲ ಸಲ ನೆಟ್ಟಗೆ ನಿಂತು ಕೈಮುಗಿದರು. “ದೊಡ್ಡ ಉಪಕಾರವಾಯ್ತು. ಕೂತುಕೊಳ್ಳಿ ಅಕ್ಕಾರೇ, ಸೀಟು ನಿಮ್ಮದು.”

“ಉಪಕಾರ ನಿಮ್ದರೀ,” ಎಂದಳು ಫಕ್ಕೀರವ್ವ, ಕಣ್ಣೊರೆಸಿಕೊಂಡು. “ನೀವೂ ಕೂಡ್ರಿ. ಸಾವಕಾಶ ಕೂಡ್ರಿ.”