ರೆಕ್ಕಳಿಲ ಗುಡ್ಡ

ಊರಿನಿಂದ ಪಡುವಣಕ್ಕೆ ಅರ್ಧ ದಿನ ನಡೆದರೆ ಬೋಳು ಗುಡ್ಡವೊಂದು ಸಿಗುತ್ತದೆ. ಅದರ ನೆತ್ತಿಯಲ್ಲಿ ಹಳಬರ ಕಾಲದ ಗಾಳಿಯಂತ್ರದ ಕಂಬಗಳು ಮೂರು ನಿಂತಿವೆ, ಎರಡು ಮಲಗಿವೆ. ಬುಡದ ಕಲ್ಲುಗಣಿಯ ಹೊಂಡದಲ್ಲಿ, ನೋಡಿದವರಿಗೆ ಬಾಯಾರುವಷ್ಟು ತಿಳಿಯಾದ ನೀರು. ಈ ಗುಡ್ಡಕ್ಕೆ ದೇವರ ಹೆಸರೂ ಇಲ್ಲ, ದೊರೆಯ ಹೆಸರೂ ಇಲ್ಲ. ಒಂದು ಪ್ರಾಣಿಯ ಹೆಸರಿದೆ. ಯಾಕೆಂದು ಕೇಳಿದರೆ ಹಿರಿಯರು ಬೂದಿಗಾಲದ ಮಾತು ತೆಗೆಯುತ್ತಾರೆ.

ಹಿಂದೆ ಒಮ್ಮೆ ಬೂದಿ ಮುಗಿಲಿಗೇರಿ, ಮರಗಳೆಲ್ಲ ಕರಿಕಾಗಿ, ಹಳ್ಳಕೊಳ್ಳಗಳಿಗೆ ವಿಷ ಇಳಿದಿತ್ತು ಎನ್ನುತ್ತಾರೆ. ಅಳಿದುಳಿದವರಿಗೆ ನೀರು ಹುಡುಕುತ್ತ ನಡೆಯುವುದೇ ಬಾಳಾಗಿತ್ತು. ಅಂಥದೊಂದು ಗುಂಪು ಈ ಹೊಂಡದ ದಂಡೆಗೆ ಬಂದಿಳಿಯಿತು. ಅವರಲ್ಲೊಂದು ಕಟ್ಟಳೆಯಿತ್ತು. ಹೊಸ ನೀರು ಸಿಕ್ಕರೆ ಎಲ್ಲರಿಗಿಂತ ಹಿರಿಯರು ಮೊದಲ ಗುಟುಕು ಕುಡಿಯಬೇಕು. ಹೊತ್ತು ಮುಳುಗುವವರೆಗೆ ಅವರಿಗೆ ಏನೂ ಆಗದಿದ್ದರೆ ಉಳಿದವರು ಬೊಗಸೆಯೊಡ್ಡಬೇಕು. ಮಡಿಲಲ್ಲಿ ಕೂಸಿದ್ದವರು ಮಾತ್ರ ಆ ಗುಟುಕು ಮುಟ್ಟುವಂತಿರಲಿಲ್ಲ. ಹಿಂದೆ ಸಿಕ್ಕ ನೀರು ಗುಂಪಿನ ಎಳೆ ತಾಯಿ ದುಂಡವ್ವನ ಮಾವನನ್ನು ನುಂಗಿತ್ತು. ಈ ಸಲದ ಸರದಿ ಅತ್ತೆ ಫಕೀರವ್ವನದು. ತವರು ಬೂದಿಯಲ್ಲಿ ಹೋಗಿ, ಗಂಡ ದಾರಿಯಲ್ಲಿ ಹೋಗಿ, ದುಂಡವ್ವನಿಗೆ ತನ್ನವರೆಂದು ಉಳಿದದ್ದು ನಾಲ್ಕು ತಿಂಗಳ ಹೆಣ್ಣುಕೂಸು ಮತ್ತು ಈ ಮುದುಕಿ, ಇಬ್ಬರೇ.

"ಸಾಯೂದಕ್ಕೂ ಹಿರೇತನ ಬೇಕೇನ್ರಿ ಅತ್ತೀ ನಿಮಗ?" ಎಂದು ಅವಳು ಎಲ್ಲರೆದುರೇ ಕೇಳಿದಳು.

"ನಿನ್ನ ಮಗಳು ಮುಂಜಾನಿಂದ ಒಣ ಮೊಲಿ ಚೀಪಾಕತ್ತಾಳ, ಅದನ್ನ ನೋಡು ಮೊದಲ. ನಾನೇನು ಹರೇದಾಕೀನ?" ಎಂದಳು ಫಕೀರವ್ವ.

ಅಷ್ಟರಲ್ಲಿ ನೆತ್ತಿಯ ಕಂಬದ ಪೊಟರೆಯಿಂದ ಏನೋ ಹಾರಿ ಅವರ ತಲೆಯ ಮೇಲೇ ಸುತ್ತಿತು. ಮೈ ಅಳಿಲಿನದು, ಬೆನ್ನಿನ ಗೆರೆಯೂ ಅಳಿಲಿನದೇ. ಆದರೆ ಮುಂಗಾಲಿನಿಂದ ಹಿಂಗಾಲಿಗೆ ಹಬ್ಬಿದ ಪೊರೆ ಬಿಚ್ಚಿದಾಗ ಬಾವಲಿಯ ರೆಕ್ಕೆ. ಗಂಡಸರು ಕವಣೆಗೆ ಕೈ ಹಾಕಿದರು. ದುಂಡವ್ವನ ಕಣ್ಣು ಬಿದ್ದದ್ದು ಅದರ ಎದೆಗೆ ಕಚ್ಚಿಕೊಂಡ ಮರಿಯ ಮೇಲೆ. ಹಾಲೂಡುವ ತಾಯಿಗೆ ನೀರಿಲ್ಲದೆ ನಡೆಯದು. ಆದರೂ ಅದು ಹೊಂಡದತ್ತ ತಿರುಗಿಯೂ ನೋಡದೆ ದಾಟಿ, ಗುಡ್ಡದ ಆಚೆ ಮಗ್ಗುಲಿಗೆ ಇಳಿಯಿತು. ಅವಳು ಕವಣೆಗಳಿಗೆ ಅಡ್ಡ ನಿಂತು ಗದರಿದಳು. ಬಳಿಕ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿದಳು.

"ಹಿಡೀರಿ. ಕೂಸು ಮಡಿಲಾಗಿರೂತನಾ ನೀವು ನೀರು ಮುಟ್ಟೂಹಂಗಿಲ್ಲ. ಕಟ್ಟಳಿ ನಿಮ್ಮದ, ನಂದಲ್ಲ."

"ಎಷ್ಟು ಶಾಣ್ಯಾಕಿ ನೋಡ್ರಿ ನನ್ನ ಸೊಸಿ," ಎಂದು ಮುದುಕಿ ನಕ್ಕಳಂತೆ.

ಆ ಪ್ರಾಣಿ ಹೋದ ದಿಕ್ಕಿಗೆ ದುಂಡವ್ವ ಗುಡ್ಡ ಏರಿದಳು, ಜಾರಿದಳು, ಮೊಣಕಾಲು ತರಚಿಕೊಂಡಳು. ಆಚೆ ಮಗ್ಗುಲಿನ ಬಂಡೆಯ ಬಿರುಕಿನಿಂದ ಆ ಪ್ರಾಣಿ ಒದ್ದೆ ಮೂತಿಯಲ್ಲಿ ಹೊರಬಂದದ್ದನ್ನು ಕಂಡು ತೋಳು ತೂರಿಸಿದಳು. ಬೆರಳಿಗೆ ತಣ್ಣನೆಯ ಹರಿನೀರು ತಾಗಿತು. ಸೆರಗು ನೆನೆಸಿಕೊಂಡು ಓಡಿ ಬಂದಳು. ಇತ್ತ ಅವಳು ಹೋದ ಸ್ವಲ್ಪ ಹೊತ್ತಿಗೇ ಕೂಸು ಅಳು ನಿಲ್ಲಿಸಿತ್ತು. ಅಳುವ ಕೂಸಿಗೆ ಫಕೀರವ್ವ ಹೆದರಿದವಳಲ್ಲ, ಈ ಸುಮ್ಮನಿರುವಿಕೆಗೆ ಹೆದರಿದಳು. ನೀರು ಒಳ್ಳೆಯದಾದರೆ ಕೂಸಿಗಾದರೂ ಬೇಗ ಸಿಗಲೆಂದು, ಅದನ್ನು ಪಕ್ಕದವಳ ಮಡಿಲಿಗೆ ದಾಟಿಸಿ, ಹೊಂಡಕ್ಕಿಳಿದು ಕುಡಿದುಬಿಟ್ಟಳು. ಸೊಸೆ ಬರುವಷ್ಟರಲ್ಲಿ ಅವಳ ತುಟಿ ನೀಲಿಗಟ್ಟಿತ್ತು.

ಸೆರಗಿನ ಹನಿ ಕೂಸಿನ ಬಾಯಿಗೆ ಬಿತ್ತು. ಕೂಸು ಚೀಪಿತು, ಮತ್ತೆ ಅತ್ತಿತು. ಆ ಅಳು ಕೇಳಿಯೇ ಮುದುಕಿ ಕಣ್ಣು ತೆರೆದಳಂತೆ. ಸುತ್ತ ನಿಂತವರು ಈ ಗುಡ್ಡಕ್ಕೆ ಅವಳ ಹೆಸರಿಡುತ್ತೇವೆಂದು ಕೈ ಮುಗಿದರು.

"ಬ್ಯಾಡ್ರೋ. ನನ್ನ ಹೆಸರಿಟ್ರ ನಾಳೆ ಇನ್ನೊಬ್ಬ ಮುದುಕಿ ಹೆಸರಿನ ಆಸೀಗೆ ಕುಡದಾಳು. ನೀರಿನ ದಾರಿ ಗೊತ್ತಿದ್ದದ್ದು ಆ ರೆಕ್ಕಿ ಅಳಿಲಿಗೆ. ಅದರ ಹೆಸರಿಡ್ರಿ," ಎಂದಳು. ಅದೇ ಕೊನೆಯ ಮಾತು. ಜನ ಹಾಗೆಯೇ ಹೆಸರಿಟ್ಟರು, ಕಟ್ಟಳೆಯನ್ನು ಅಲ್ಲೇ ಬಿಟ್ಟರು ಎನ್ನುತ್ತಾರೆ.

ಇಂದು ಹೋದವರಿಗೂ ಆ ಬಿರುಕಿನಲ್ಲಿ ನೀರು ಸಿಗುತ್ತದೆ, ಅದೃಷ್ಟವಿದ್ದರೆ ರೆಕ್ಕಳಿಲೂ ಕಾಣುತ್ತದೆ. ಎಷ್ಟೇ ಜನ ಹೋಗಲಿ, ಎಲ್ಲರ ಕೈಗೂ ನೀರು ಬರುವವರೆಗೆ ಯಾರೂ ಕುಡಿಯುವುದಿಲ್ಲ. ಬಂದ ಮೇಲೆ ಎಲ್ಲರೂ ಒಟ್ಟಿಗೇ ಕುಡಿಯುತ್ತಾರೆ. ಗುಂಪಿನಲ್ಲಿ ಮುದುಕಿಯೊಬ್ಬಳಿದ್ದರೆ ಪಕ್ಕದ ಹೆಂಗಸು ಎಡಗೈಯಲ್ಲಿ ಆಕೆಯ ಮಣಿಕಟ್ಟು ಬಿಗಿಯಾಗಿ ಹಿಡಿದು, ಬಲ ಅಂಗೈಯ ಗುಳಿಯಲ್ಲೇ ತನ್ನ ಪಾಲಿನ ನೀರು ಹಿಡಿದು ನಿಂತಿರುತ್ತಾಳೆ.