ಎಂಟಕ್ಷರದ ಚೀಟಿ

"ಗುರುಗಳೇ, ನಾನು ಹೆಸರನ್ನು ಪೂರ್ತಿ ಬರೆದಿದ್ದೇನೆ. ಲಿಂಕರ್ ಅದನ್ನು ನಡುವೆ ಕತ್ತರಿಸಿದರೆ ತಪ್ಪು ನನ್ನದು ಹೇಗಾಗುತ್ತದೆ?" ಎಂದು ಧರಣಿ ಕೇಳಿದಳು.

ಅವಳಿಗೆ ಸಿಟ್ಟು ಬಂದಿತ್ತು. ಅಣೆಕಟ್ಟಿನ ಬಾಗಿಲುಗಳನ್ನು ನಡೆಸುವ ಪ್ರೋಗ್ರಾಮನ್ನು ಅವಳು ಹಳೆಯ ಮೇನ್‌ಫ್ರೇಮ್ ಕಂಪ್ಯೂಟರಿಗೆ ಬರೆದಿದ್ದಳು. ಅದರಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಫಂಕ್ಷನ್; ಹೆಸರುಗಳು ಇಂಗ್ಲಿಷ್ ಲಿಪಿಯಲ್ಲಿ. ಒಂದು ಫಂಕ್ಷನ್ನಿನ ಹೆಸರು 'ಅಣೆಕಟ್ಟಿನ ಬಾಗಿಲು ತೆರೆ', ಇನ್ನೊಂದರದು 'ಅಣೆಕಟ್ಟಿನ ಬಾಗಿಲು ಮುಚ್ಚು'. ಬರೆದ ಭಾಗಗಳನ್ನೆಲ್ಲ ಒಂದಾಗಿ ಜೋಡಿಸುವ ಲಿಂಕರ್, ಹೆಸರಿನ ಮೊದಲ ಎಂಟು ಇಂಗ್ಲಿಷ್ ಅಕ್ಷರಗಳನ್ನಷ್ಟೇ ನೋಡುವಂಥದು. ಅದಕ್ಕೆ ಎರಡೂ 'ಅಣೆಕಟ್ಟಿ' (ANEKATTI). ಬೆಳಗಿನ ಪರೀಕ್ಷೆಯಲ್ಲಿ ಮುಚ್ಚು ಎಂದರೆ ಬಾಗಿಲು ತೆರೆದುಕೊಂಡಿತು. ಪುಣ್ಯಕ್ಕೆ ಅದು ಮಾದರಿ ಬಾಗಿಲು.

ಗುರು ಪದ್ಮರಾಜಯ್ಯ ನಕ್ಕು ಒಂದು ಕತೆ ಹೇಳಿದರು.

ಒಬ್ಬ ಹಿಟ್ಟಿನ ಗಿರಣಿಯವನಿದ್ದ. ಜನ ಡಬ್ಬಗಳನ್ನು ಬಿಟ್ಟುಹೋಗುತ್ತಿದ್ದರು. ಅವನು ಹೆಸರು ಕೇಳಿ ಚೀಟಿ ಅಂಟಿಸುತ್ತಿದ್ದ. ಚೀಟಿಯಲ್ಲಿ ಎಂಟಕ್ಷರಕ್ಕಷ್ಟೇ ಜಾಗ. ನಮ್ಮ ಜನವೋ, ಊರು ಮೊದಲು, ಮನೆ ಆಮೇಲೆ, ತಾವು ಯಾರೆಂಬುದನ್ನು ಎಲ್ಲಕ್ಕಿಂತ ಕೊನೆಗೆ ಹೇಳುವವರು.

ಒಂದು ದಿನ ಇಬ್ಬರು ವಾರಗಿತ್ತಿಯರ ಡಬ್ಬಗಳು ಬಂದವು. 'ಅರಳಿಕಟ್ಟೆ ಮೇಗಳಮನೆ ಹಿರಿಸೊಸೆ' ಒಬ್ಬಳು, 'ಅರಳಿಕಟ್ಟೆ ಮೇಗಳಮನೆ ಕಿರಿಸೊಸೆ' ಇನ್ನೊಬ್ಬಳು. ಹಿರಿಯವಳದು ಗೋಧಿ ಬೆರೆಸಿದ ರಾಗಿ. ಕಿರಿಯವಳದು ಬರೀ ರಾಗಿ, ಅದೂ ಮಗುವಿಗೆ ಕುಡಿಸುವ ರಾಗಿಸರಿಗೆ. ಆ ಮಗುವಿಗೆ ಗೋಧಿ ಒಗ್ಗುತ್ತಿರಲಿಲ್ಲ. ಗಿರಣಿಯವನು ಎರಡರ ಮೇಲೂ 'ಅರಳಿಕಟ್ಟೆ ಮೇಗಳ' ಎಂದು ಬರೆದ. ಕಿರಿಯವಳು ಬಂದಾಗ ಮೊದಲು ಕೈಗೆ ಸಿಕ್ಕ ಡಬ್ಬ ಕೊಟ್ಟ. ಹಿಟ್ಟಿನ ಬಣ್ಣ ಒಂದೇ, ಯಾರಿಗೂ ತಿಳಿಯಲಿಲ್ಲ. ಮಗು ಮೂರು ದಿನ ಕುಡಿದದ್ದನ್ನೆಲ್ಲ ಕಕ್ಕಿತು. ಆ ತಾಯಿಯ ಜೀವ ಬಾಯಿಗೆ ಬಂದಿತ್ತು.

ತನಗೆ ಬಂದದ್ದು ವಾರಗಿತ್ತಿಯ ಡಬ್ಬವೆಂದು ಆಮೇಲೆ ತಿಳಿಯಿತು. ಮಗು ಚೇತರಿಸಿಕೊಂಡ ಮೇಲೆ ಅವಳು ಅದನ್ನು ಎತ್ತಿಕೊಂಡು, ಚೀಟಿ ಅಂಟಿದ ಡಬ್ಬ ಹಿಡಿದು ಗಿರಣಿಗೆ ಬಂದಳು.

"ಚೀಟೀಲಿ ನಾನೇ ಇಲ್ವಲ್ಲಣ್ಣ! ಬರೀ ಊರು, ಮನೆ ಐತೆ, ಮನೇನೂ ಅರ್ಧ."

"ನಾನೇನ್ ಮಾಡ್ಲವ್ವ, ಚೀಟಿ ಇರೋದೇ ಅಷ್ಟು."

"ಹಂಗಾದ್ರೆ ಚೀಟಿಗೆ ಕಿರಿಸೊಸೆ ಅಂತ್ಲೇ ಬರ್ಕೊ. ಉದ್ದದ್ದು ಆ ಗೋಡೆ ಹಲಗೆ ಮ್ಯಾಲೆ ಇರ್ಲಿ."

ಅಂದಿನಿಂದ ಹಲಗೆಯ ಮೇಲೆ ಪೂರ್ತಿ ಹೆಸರು, ಅದರ ಪಕ್ಕದಲ್ಲೇ ಚೀಟಿಯ ಹೆಸರು. ಒಂದು ಗಿಡ್ಡ ಹೆಸರು ಒಬ್ಬರಿಗೇ. ಮತ್ತೆ ಡಬ್ಬ ಅದಲುಬದಲಾಗಲಿಲ್ಲ. ಮಗು ಸರಿ ಕುಡಿದು ಗುಂಡಗಾಯಿತು.

ಕತೆ ಮುಗಿಸಿ ಪದ್ಮರಾಜಯ್ಯ ಹೇಳಿದರು: "ನೀನು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರಿನಲ್ಲೂ ಅಂಥ ಹಲಗೆ ಇದೆ. ಪ್ರೋಗ್ರಾಮಿನೊಳಗೆ ಉದ್ದ ಹೆಸರೇ ಇರಲಿ. ಲಿಂಕರಿಗೆ ಯಾವ ಗಿಡ್ಡ ಹೆಸರು ತೋರಿಸಬೇಕೆಂದು ಒಂದೊಂದು ಸಾಲು ಬರೆದರೆ ಸಾಕು."

ಧರಣಿಗೆ ಸಮಾಧಾನವಾಯಿತು. ಆದರೂ ಪಟ್ಟು ಬಿಡಲಿಲ್ಲ. "ಅಂದರೆ ತಪ್ಪು ಚೀಟಿಯದೇ ತಾನೆ, ಗುರುಗಳೇ?"

"ಚೀಟಿ ಎಂಟೇ ಅಕ್ಷರದ್ದೆಂದು ಬರೆಯುವವರಿಗೆ ಮೊದಲೇ ಗೊತ್ತಿತ್ತಲ್ಲ, ಮಗಳೇ."