ಕೊನೆಯ ಮನೆಯ ಎರಡು ಬಾಗಿಲು

"ಗುರುಗಳೇ, ಆ ಊರಿನಲ್ಲಿ ನಾನು ಎಲ್ಲಿ ನೆಲೆಸಲಿ?" ಎಂದು ಶಿಷ್ಯ ಕೇಳಿದ.

ತೆಂಕಣ ಸೀಮೆಯ ಒಂದು ಸಣ್ಣ ಊರಿನವರು ತಮ್ಮಲ್ಲಿಗೆ ಮಠದಿಂದ ಒಬ್ಬರನ್ನು ಕಳಿಸಿಕೊಡಿ ಎಂದು ಬೇಡಿಕೊಂಡಿದ್ದರು. ಗುರುಗಳು ಈ ಶಿಷ್ಯನನ್ನು ಆರಿಸಿದ್ದರು. ಅವನು ಆ ಊರನ್ನು ಒಮ್ಮೆ ನೋಡಿ ಬಂದಿದ್ದ. ಬಂದಾಗಿನಿಂದ ಅವನಿಗೆ ಅದೇ ಚಿಂತೆ. ದೇವಸ್ಥಾನದ ಪಕ್ಕದಲ್ಲಿ ಮನೆ ಕೊಡುತ್ತೇವೆ ಎಂದಿದ್ದರು, ಅಲ್ಲಿ ಗದ್ದಲ. ಕೆರೆ ಏರಿಯ ಕೆಳಗೆ ಕೊಡುತ್ತೇವೆ ಎಂದಿದ್ದರು, ಅಲ್ಲಿ ಸೊಳ್ಳೆ. ಊರ ಹೊರಗಿನ ತೋಪಿನಲ್ಲಿ ಯಾರ ಕಾಟವೂ ಇಲ್ಲದ ಒಂದು ಜಾಗವಿತ್ತು, ಆದರೆ ಬಾವಿ ದೂರ. ಓದಿಗೂ ಧ್ಯಾನಕ್ಕೂ ಅಡ್ಡಿಯಾಗದ ಜಾಗ ಯಾವುದೆಂದು ತಾವೇ ಹೇಳಬೇಕು ಎಂದು ಕೈಮುಗಿದು ನಿಂತ.

ಗುರುಗಳು ಅವನಿಗೆ ಕೂರಲು ಹೇಳಿದರು. "ಒಬ್ಬ ನೇಕಾರನಿದ್ದ" ಎಂದು ಕತೆ ಶುರುಮಾಡಿದರು.

ನೇಕಾರ ಬಡಗಣ ಸೀಮೆಯವನು. ಅವನ ಊರಿನ ನೇಕಾರರ ಕೇರಿಯನ್ನು ಹೊಳೆ ನುಂಗಿತು. ಮನೆ ಹೋಯಿತು, ಮಗ್ಗ ಉಳಿಯಿತು. ಮಗ್ಗವನ್ನು ಬಿಚ್ಚಿ ಗಾಡಿಗೆ ಹೇರಿ, ನೂಲಿನ ಗಂಟಿನ ಮೇಲೆ ಹೆಂಡತಿಯನ್ನು ಕೂರಿಸಿಕೊಂಡು ಅವನು ತೆಂಕಣ ದಿಕ್ಕಿಗೆ ಹೊರಟ. ದಾರಿಯ ಊರುಗಳಲ್ಲೆಲ್ಲ ನಿಂತು ಕೇಳಿದ. ಒಂದು ಊರಿನಲ್ಲಿ ಆಗಲೇ ನೇಕಾರರು ತುಂಬಿದ್ದರು. ಇನ್ನೊಂದರಲ್ಲಿ ಬಟ್ಟೆ ಕೊಳ್ಳುವವರೇ ಇರಲಿಲ್ಲ. ಹೆಂಡತಿ ಬಸುರಿ. ಗಾಡಿಯ ಕುಲುಕಾಟಕ್ಕೆ ಅವಳ ಸೊಂಟ ಸೋತುಹೋಗಿತ್ತು. ಇನ್ನೊಂದು ಊರು ತನ್ನಿಂದಾಗದು ಎಂದು ಅವಳು ಹೇಳಿಬಿಟ್ಟಳು. ಅಂಥ ಹೊತ್ತಿನಲ್ಲಿ ಒಂದು ಸಣ್ಣ ಊರು ಸಿಕ್ಕಿತು.

ಊರ ಪಟೇಲ ನ್ಯಾಯವಂತ. ನಮ್ಮಲ್ಲಿ ನೇಕಾರರಿಲ್ಲ, ಗೌರಿ ಹಬ್ಬಕ್ಕೆ ಊರಿನ ಐದು ಮುತ್ತೈದೆಯರಿಗೆ ಸೀರೆ ಕೊಡುವ ಪದ್ಧತಿಯಿದೆ, ವರ್ಷವೂ ಹೊರಗಿನಿಂದ ತರಿಸಿ ಸಾಕಾಗಿದೆ ಎಂದ. ಈ ಸಲ ನೀನು ನೇಯ್ದು ಕೊಡು, ಕೊಟ್ಟರೆ ನೀನು ಈ ಊರಿನವನು, ನೀನಿರುವ ಮನೆ ನಿನ್ನದೇ, ಕೊಡಲಾಗದಿದ್ದರೆ ನಿನ್ನ ದಾರಿ ನಿನಗೆ ಎಂದ. ಊರಿನಲ್ಲಿ ಎರಡು ಮನೆಗಳು ಖಾಲಿ ಬಿದ್ದಿದ್ದವು. ಒಂದು ಪೇಟೆ ಬೀದಿಯಲ್ಲಿ, ಇನ್ನೊಂದು ಕುಂಬಾರಗೇರಿಯಲ್ಲಿ. ಯಾವುದು ಬೇಕೋ ನೋಡಿಕೋ ಎಂದು ಬಿಟ್ಟ.

ಬೇರೆಯವರು ಮನೆ ಹುಡುಕುವಾಗ ಸೂರು ನೋಡುತ್ತಾರೆ, ನೀರು ನೋಡುತ್ತಾರೆ. ನೇಕಾರ ಬೀದಿ ನೋಡುತ್ತಾನೆ. ಸೀರೆಯ ಉದ್ದಕ್ಕೆ ಹೋಗುವ ಎಳೆಗಳಿಗೆ ಹಾಸು ಎನ್ನುತ್ತಾರೆ. ಮಗ್ಗಕ್ಕೆ ಏರಿಸುವ ಮುಂಚೆ ಆ ಹಾಸನ್ನು ಬೀದಿಯಲ್ಲಿ ಬಿಗಿಯಾಗಿ ಎಳೆದು ಕಟ್ಟಿ, ಗಂಜಿ ಸವರಿ, ಕುಂಚದಿಂದ ತೀಡುತ್ತ ಒಣಗಿಸಬೇಕು. ಒಣಗುವ ತನಕ ಅದನ್ನು ಸಡಿಲಿಸುವಂತಿಲ್ಲ. ಸಡಿಲಿಸಿದರೆ ಎಳೆಗೆ ಎಳೆ ಅಂಟಿಕೊಳ್ಳುತ್ತದೆ, ಆಮೇಲೆ ಬ್ರಹ್ಮ ಬಂದರೂ ಬಿಡಿಸಲಾಗದು. ಐದು ಸೀರೆಗೆ ಒಂದೇ ಹಾಸು ಬೇಕು. ಒಂದೊಂದು ಸೀರೆಗೂ ಬೇರೆ ಬೇರೆ ಹಾಸು ಹೂಡುತ್ತ ಕೂತರೆ ಎಳೆ ಏರಿಸುವುದರಲ್ಲೇ ಹಬ್ಬ ಕಳೆದುಹೋಗುತ್ತದೆ. ಐದು ಸೀರೆಯ ಹಾಸೆಂದರೆ ಸಣ್ಣ ಉದ್ದವಲ್ಲ.

ನೇಕಾರ ತನ್ನ ಹಾಸಿನ ಉದ್ದಕ್ಕೆ ಒಂದು ಹಗ್ಗ ಕತ್ತರಿಸಿಕೊಂಡು ಬೀದಿ ಅಳೆಯಲು ಹೊರಟ. ಪೇಟೆ ಬೀದಿ ಬಾಣ ಬಿಟ್ಟಂತೆ ನೆಟ್ಟಗಿತ್ತು. ಹಗ್ಗ ಪೂರ್ತಿ ಹಾಸಿದ ಮೇಲೂ ಇನ್ನೂ ಜಾಗ ಮಿಕ್ಕಿತು. ಅವನ ಮುಖ ಅರಳಿತು. ಕುಂಬಾರಗೇರಿ ನೆಟ್ಟಗೇನೋ ಇತ್ತು, ಆದರೆ ಮೊಟಕು. ಕೇರಿಯ ಕೊನೆಗೆ ಒಂದು ಮನೆ ಅಡ್ಡ ನಿಂತಿತ್ತು, ಅಲ್ಲಿಂದ ದಾರಿ ಪಕ್ಕಕ್ಕೆ ಹೊರಳಿ ಕೆರೆಯ ಕಡೆಗೆ ಹೋಗುತ್ತಿತ್ತು. ಹಗ್ಗ ಆ ಮನೆಯ ಮೆಟ್ಟಿಲು ಮುಟ್ಟಿದಾಗ ಅವನ ಕೈಯಲ್ಲಿ ಇನ್ನೂ ಒಂದು ದೊಡ್ಡ ಸುರುಳಿ ಉಳಿದಿತ್ತು.

ಆ ಮನೆಯಲ್ಲಿ ಒಬ್ಬ ಮುದುಕಿಯಿದ್ದಳು. ಬಾಯಿ ಬಲು ಜೋರು. ಅವಳ ನೆರಳು ತುಳಿದರೂ ಜಗಳ ತಪ್ಪಿದ್ದಲ್ಲ ಎಂದು ಪೇಟೆಯವರು ನೇಕಾರನಿಗೆ ಮೊದಲೇ ಹೇಳಿದ್ದರು. ಹೇಳಿದಂತೆಯೇ ಆಯಿತು. ಬಸುರಿ ಹೆಂಗಸನ್ನು ಬಿಸಿಲಲ್ಲಿ ನಿಲ್ಲಿಸಿ ಬೀದಿ ಅಳೆಯುವ ಗಂಡಸನ್ನು ತಾನು ಹುಟ್ಟಿದಾಗಿನಿಂದ ಕಂಡಿಲ್ಲ ಎಂದು ಮುದುಕಿ ಬೀದಿಗೆಲ್ಲ ಕೇಳುವಂತೆ ಬೈದಳು. ಬೈಯುತ್ತಲೇ ನೇಕಾರನ ಹೆಂಡತಿಯನ್ನು ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ತಂದುಕೊಟ್ಟಳು.

ಹೊರಡುವಾಗ ಹೆಂಡತಿ ಹೇಳಿದಳು: "ಈ ಕೇರೀನ ಇರಲಿ. ಇಲ್ಲಿ ಮಂದಿ ಕೂಡ್ರು ಅಂತಾರ."

"ಮಂದಿ ಕೂಡ್ರು ಅಂದ್ರ ಹಾಸಿಗೊಂದು ಮೊಳ ಜಾಗ ಆಗ್ತದೇನು?" ಎಂದು ನೇಕಾರ ನಕ್ಕ.

ಅವಳು ನಗಲಿಲ್ಲ. ಅವರು ಪೇಟೆ ಬೀದಿಯ ಮನೆಗೆ ಹೋದರು.

ಪೇಟೆ ಬೀದಿಯವರು ಕೆಟ್ಟವರೆಂದು ಯಾರೂ ತಿಳಿಯಬಾರದು. ತುಂಬ ಒಳ್ಳೆಯ ಮಾತಿನವರು. ಬೀದಿ ನಿಮ್ಮದೇ ಅಂದುಕೊಳ್ಳಿ ಎಂದು ಪ್ರತಿ ಮನೆಯವರೂ ಹೇಳಿದ್ದರು. ನೇಕಾರ ಒಂದು ಬೆಳಗ್ಗೆ ಬೀದಿಯುದ್ದಕ್ಕೂ ಹಾಸು ಕಟ್ಟಿ ಗಂಜಿ ಸವರಲು ನಿಂತ. ಅರ್ಧ ಸವರಿದ್ದ, ಅಷ್ಟರಲ್ಲಿ ಒಬ್ಬ ವರ್ತಕ ಬಂದು, ಮೆಣಸಿನಕಾಯಿ ಗಾಡಿ ಬಂದು ನಿಂತಿದೆ, ಒಂದು ಗಳಿಗೆ ಸಡಿಲಿಸಿ ಎಂದು ನಯವಾಗಿ ಕೇಳಿದ. ನೇಕಾರ ಕೈಮುಗಿದು ಬೇಡಿಕೊಂಡ. ವರ್ತಕನೂ ಕೈಮುಗಿದ. ಅವನ ಹಿಂದೆಯೇ ಹೆಣ್ಣು ನೋಡಲು ಹೊರಟ ಮನೆಯವರು ಬಂದರು, ರಾಹುಕಾಲ ಬರುವುದರೊಳಗೆ ಬೀದಿ ದಾಟಬೇಕು ಎಂದರು. ಆಮೇಲೆ ಹಸು ಬಂತು, ಅದು ಯಾರನ್ನೂ ಕೇಳಲಿಲ್ಲ. ಒಂದು ಗಳಿಗೆ, ಒಂದು ಗಳಿಗೆ ಎನ್ನುತ್ತ ಹಾಸನ್ನು ಇಳಿಸಿದರು, ಏರಿಸಿದರು, ಮತ್ತೆ ಇಳಿಸಿದರು. ಬಿಸಿಲು ಏರಿತು. ಎಳೆಗಳೆಲ್ಲ ಹಸಿ ಶಾವಿಗೆಯ ಮುದ್ದೆಯಂತೆ ಅಂಟಿ ಕೂತವು. ಎಲ್ಲರೂ ಬಂದು ಮನಸಾರೆ ಮರುಗಿದರು.

ನೇಕಾರ ಆ ದಿನ ಉಣ್ಣಲಿಲ್ಲ. ಇನ್ನು ಒಂದೇ ಒಂದು ಹಾಸಿನಷ್ಟು ನೂಲು ಉಳಿದಿತ್ತು. ಅದೂ ಹೋದರೆ ಮತ್ತೆ ಗಾಡಿ, ಮತ್ತೆ ದಾರಿ. ಹೆಂಡತಿಗೆ ಆಗಲೇ ತಿಂಗಳು ತುಂಬುತ್ತಿತ್ತು. ಅವಳು ಅವನನ್ನು ದೂರಲಿಲ್ಲ. ಉಳಿದ ನೂಲನ್ನು ಮಡಿಲಿಗೆ ಹಾಕಿಕೊಂಡು ಹಾಸು ಹೂಡಲು ಕೂತಳು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಹಾಸು ಸಿದ್ಧವಾಯಿತು, ಅದನ್ನು ಎಳೆದು ಕಟ್ಟಲು ಜಾಗವಿಲ್ಲ. ನೇಕಾರ ಅದೇ ಹಗ್ಗ ಹಿಡಿದು ಮತ್ತೆ ಕುಂಬಾರಗೇರಿಗೆ ಹೋದ. ಅಳೆದದ್ದನ್ನೇ ಮತ್ತೆ ಅಳೆದ. ಕೇರಿ ಬೆಳೆದಿರಲಿಲ್ಲ. ಹಗ್ಗದ ಸುರುಳಿ ಕೈಯಲ್ಲಿ ಹಿಡಿದುಕೊಂಡು ಮುದುಕಿಯ ಮನೆಯ ಮುಂದೆ ಸುಮ್ಮನೆ ನಿಂತುಬಿಟ್ಟ. ಅವನಿಗೆ ಅಳು ಬಂದಿತ್ತು.

ಮುದುಕಿ ಹೊರಗೆ ಬಂದು, ತನ್ನ ಗೋಡೆಯನ್ನು ಹೀಗೆ ನುಂಗುವವನಂತೆ ನೋಡುವುದೇಕೆ ಎಂದು ಗದರಿದಳು.

"ಯವ್ವಾ, ನನ್ನ ಹಾಸು ನಿಮ್ಮ ಬಾಗಿಲಿಗೆ ಬಂದು ನಿಂತುಬಿಡ್ತದ" ಎಂದ ನೇಕಾರ.

"ನಿಲ್ಲೋದ್ಯಾಕೆ? ಒಳಕ್ಕೆ ಬರಲಿ. ನನ್ನ ಮನೆಗೆ ಎರಡು ಬಾಗಿಲು ಇಟ್ಟಿರೋದು ಏನಕ್ಕೆ ಅಂದ್ಕೊಂಡೆ?"

ಅಷ್ಟು ಹೇಳಿ ಅವಳು ಅವನ ಕೈಯಿಂದ ಸುರುಳಿ ಕಿತ್ತುಕೊಂಡು ಒಳಗೆ ನಡೆದಳು. ತಲೆಬಾಗಿಲು ದಾಟಿದಳು, ನಡುಮನೆ ದಾಟಿದಳು, ಹಿತ್ತಿಲ ಬಾಗಿಲು ತೆರೆದಳು. ಹಳೆಯ ಕಾಲದ ಮನೆ. ಎರಡೂ ಬಾಗಿಲು ಒಂದೇ ನೇರಕ್ಕೆ ಇದ್ದವು. ನೇಕಾರನ ಕಣ್ಣ ಮುಂದೆ ಹಗ್ಗ ಸರಸರನೆ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಹಿತ್ತಿಲಿನಿಂದ ಮುದುಕಿಯ ಕೂಗು ಕೇಳಿತು. ಹಗ್ಗ ಹುಣಸೆ ಮರದ ಬುಡ ಮುಟ್ಟಿತ್ತು, ಒಂದು ಸುತ್ತು ಸುತ್ತಿ ಗಂಟು ಹಾಕುವಷ್ಟು ಮಿಕ್ಕಿಯೂ ಇತ್ತು. ನೇಕಾರ ಬೀದಿಯಲ್ಲೇ ಕುಕ್ಕರುಗಾಲಲ್ಲಿ ಕೂತು ಮುಖ ಮುಚ್ಚಿಕೊಂಡ. ಈ ಸಲ ಬಂದದ್ದು ಬೇರೆ ಅಳು.

ಅದೇ ದಿನ ಅವರು ಕುಂಬಾರಗೇರಿಯ ಮನೆಗೆ ಬಂದರು.

ಹಾಸು ಕಟ್ಟುವ ಬೆಳಗ್ಗೆ ಕೇರಿಗೆ ಕೇರಿಯೇ ಎದ್ದಿತು. ಹೆಂಗಸರು ಕತ್ತಲಿರುವಾಗಲೇ ನೀರು ತಂದು ಮುಗಿಸಿದರು. ಕುಂಬಾರರು ಒಣಗಲು ಇಟ್ಟ ಮಡಕೆಗಳನ್ನು ಒಳಗೆ ಸಾಗಿಸಿದರು, ಕೋಳಿಗಳನ್ನು ಮಂಕರಿ ಕೆಳಗೆ ಮುಚ್ಚಿದರು. ಯಾರೂ ಅವರಿಗೆ ಹೇಳಿರಲಿಲ್ಲ. ಮುದುಕಿಯ ಮನೆಯೊಳಗೇ ಹಾಸು ಹೋಗುವಾಗ ನಮ್ಮ ಕೋಳಿಯದೇನು ಹೆಚ್ಚು ಎಂದುಕೊಂಡರಂತೆ. ಹಾಸು ಕೇರಿಯುದ್ದ ಬಂದು, ಮುದುಕಿಯ ಹೊಸ್ತಿಲ ಮೇಲೆ ಸಾಗಿ, ನಡುಮನೆಯನ್ನು ಎರಡು ಪಾಲು ಮಾಡಿ, ಹಿತ್ತಿಲಲ್ಲಿ ಬಿಸಿಲು ಕಂಡಿತು. ದೇವರು ಒಂದು ಕಡೆ ಉಳಿದ, ಒಲೆ ಇನ್ನೊಂದು ಕಡೆ. ಮುದುಕಿ ಹಾಸಿನ ಕೆಳಗೆ ನುಸುಳಿ ನುಸುಳಿ ಎರಡನ್ನೂ ನೋಡಿಕೊಂಡಳು. ಅವಳ ಬೆನ್ನು ಮೊದಲೇ ಬಾಗಿತ್ತು, ಹೊಸದಾಗಿ ಬಾಗುವ ಕೆಲಸವಿರಲಿಲ್ಲ.

ನೇಕಾರ ಗಂಜಿ ಸವರಿದ, ಹೆಂಡತಿ ಕುಂಚ ತೀಡಿದಳು. ಬೀದಿಯ ಎಳೆ ಒಣಗಿತು, ಹಿತ್ತಿಲ ಎಳೆ ಒಣಗಿತು. ನಡುಮನೆಯ ಎಳೆ ಮಾತ್ರ ಒಣಗಲೊಲ್ಲದು, ಅಲ್ಲಿ ಬಿಸಿಲೆಲ್ಲಿಂದ ಬರಬೇಕು? ಇದನ್ನು ನೇಕಾರ ಯೋಚಿಸಿರಲೇ ಇಲ್ಲ. ಮುದುಕಿ ಬಾಗಿಲಿಗೆ ಬಂದು ಕೇರಿಯ ಹೆಂಗಸರನ್ನು ಹೆಸರು ಹಿಡಿದು ಕರೆದಳು. ಎಲ್ಲರೂ ಅಕ್ಕಿ ಕೇರುವ ಮೊರ ಹಿಡಿದು ಓಡಿ ಬಂದರು. ಹಾಸಿನ ಎರಡೂ ಬದಿಗೆ ಸಾಲಾಗಿ ನಿಂತು ಮೊರ ಬೀಸಿದರು.

ಅದೇ ಹೊತ್ತಿಗೆ ಪಟೇಲ ಕುದುರೆ ಏರಿ ಕೇರಿಯ ಬಾಯಿಗೆ ಬಂದ. ಕೆರೆಗೆ ಅದು ಹತ್ತಿರದ ದಾರಿ. ಹಾಸು ಕಂಡು ಲಗಾಮು ಎಳೆದ. ಒಂದು ಗಳಿಗೆ ಸಡಿಲಿಸಲು ಹೇಳು ಎಂದು ಆಳನ್ನು ಕಳಿಸಿದ. ಹೆಂಡತಿಯ ಕೈಯಲ್ಲಿ ಕುಂಚ ನಿಂತಿತು. ಈ ಊರಿನಲ್ಲಿ ಉಳಿಸುವವನೂ ಓಡಿಸುವವನೂ ಪಟೇಲನೇ. ಮುದುಕಿ ಹೊಸ್ತಿಲಿನಿಂದ ಹಾಸಿನ ಗುಂಟ ನಡೆದು ಕೇರಿಯ ಬಾಯಿಗೆ ಬಂದು ನಿಂತಳು.

"ಈವತ್ತು ಈ ಕೇರೀಲಿ ದಾರಿ ಇಲ್ಲ. ಸುತ್ತಿಕೊಂಡು ಹೋಗು ಮಗ" ಎಂದಳು.

ಊರಿಗೆ ಪಟೇಲನಾದರೂ ಅವಳ ಬಾಯಿಗೆ ಅವನು ಹುಡುಗನೇ. ಕುದುರೆ ತಿರುಗಿಸಿ ಕೇರಿಯ ಹಿಂದಿನಿಂದ ಸುತ್ತಿ ಹೋದ. ಹೋಗುವಾಗ ಮುದುಕಿಯ ಹಿತ್ತಿಲು ಕಂಡಿತು. ಬೀದಿಯಲ್ಲಿ ಕಂಡ ಹಾಸೇ ಹಿತ್ತಿಲ ಬಾಗಿಲಿನಿಂದ ಹೊರಬಂದು ಹುಣಸೆ ಮರಕ್ಕೆ ಬಿಗಿದುಕೊಂಡಿತ್ತು. ಒಳಗಿನಿಂದ ಮೊರದ ಸದ್ದು, ಹೆಂಗಸರ ನಗು. ಪಟೇಲ ಕುದುರೆಯಿಂದ ಇಳಿದು ತುಂಬ ಹೊತ್ತು ನೋಡಿದ. ಆಮೇಲೆ ಅವನೂ ನಕ್ಕುಬಿಟ್ಟ.

ಹಾಸು ಒಂದೆಳೆಯೂ ಅಂಟದೆ ಒಣಗಿತು. ಐದು ಸೀರೆಗಳೂ ಹಬ್ಬಕ್ಕೆ ಮುಂಚೆಯೇ ಮಗ್ಗದಿಂದ ಇಳಿದವು. ಗೌರಿಯನ್ನು ಕೆರೆಯಿಂದ ತರುವಾಗ ಐವರು ಮುತ್ತೈದೆಯರು ಆ ಸೀರೆಗಳನ್ನು ಉಟ್ಟು ಕುಂಬಾರಗೇರಿಯ ಮೇಲೆಯೇ ಬಂದರು. ಕೇರಿಯವರು ಬಾಗಿಲಿಗೆ ಬಾಗಿಲಿಗೆ ನಿಂತು, ಈ ಸೆರಗು ನಮ್ಮ ಮನೆ ಮುಂದೆ ಒಣಗಿದ್ದು, ಆ ಅಂಚು ಅಜ್ಜಿಯ ನಡುಮನೆಯಲ್ಲಿ ಒಣಗಿದ್ದು ಎಂದು ಬೆರಳು ಮಾಡಿ ತೋರಿಸಿದರು. ಅಷ್ಟು ನಿಖರವಾಗಿ ಹೇಳಲು ಯಾರಿಂದಲೂ ಆಗದು. ಆದರೆ ಆ ದಿನ ಅವರನ್ನು ತಿದ್ದುವವರೂ ಇರಲಿಲ್ಲ. ನೇಕಾರ ತಲೆಯೆತ್ತಿ ನಿಂತು ನೋಡಿದ. ಊರು ಬಿಟ್ಟ ಮೇಲೆ ಅವನು ಹಾಗೆ ನಿಂತದ್ದು ಅಂದೇ.

ಪಟೇಲ ಮೆಚ್ಚಿ, ಇಷ್ಟು ಕೈಗುಣವಿರುವವನು ಮೊಟಕು ಕೇರಿಯಲ್ಲಿರುವುದು ಬೇಡ, ಪೇಟೆ ಬೀದಿಯ ಮನೆಯನ್ನೇ ನಿನ್ನ ಹೆಸರಿಗೆ ಮಾಡುತ್ತೇನೆ ಎಂದ.

"ಬ್ಯಾಡ್ರಿ. ಆ ಬೀದಿ ಭಾಳ ಉದ್ದ ಐತಿ, ಖರೆ. ಆದ್ರ ನನ್ನ ಹಾಸು ಅಲ್ಲಿ ಹಿಡಸಂಗಿಲ್ರಿ" ಎಂದ ನೇಕಾರ.

ಹಾಸಿನ ತುದಿಯಲ್ಲಿ ಉಳಿದ ಎಳೆಗಳಿಂದ ಅವನು ಮುದುಕಿಗೆ ಒಂದು ಹೊದಿಕೆ ನೇಯ್ದ. ಅಂಚು ಸೊಟ್ಟಗಿದೆ ಎಂದು ಅವಳು ಬೈದು ಹೊದ್ದುಕೊಂಡಳು. ಹಬ್ಬ ಕಳೆದ ಕೆಲವು ದಿನಕ್ಕೆ ನೇಕಾರನ ಹೆಂಡತಿಗೆ ಅದೇ ನಡುಮನೆಯಲ್ಲಿ ಹೆರಿಗೆಯಾಯಿತು. ಹೆಣ್ಣುಮಗು. ಅಲ್ಲಿಂದ ಮುಂದೆ ಆ ಊರಿಗೆ ಹೊರಗಿನಿಂದ ಸೀರೆ ಬರಲಿಲ್ಲ.

ಕತೆ ಮುಗಿಯಿತು. ಶಿಷ್ಯನ ಮುಖ ಬೆಳಗಿತ್ತು. "ತಿಳಿಯಿತು ಗುರುಗಳೇ. ಜಾಗ ನೋಡಬಾರದು, ಜನ ನೋಡಬೇಕು. ಅಂಥ ಮುದುಕಿ ಇರುವ ಕೇರಿಯನ್ನೇ ಹುಡುಕಿ ಅಲ್ಲಿ ನೆಲೆಸುತ್ತೇನೆ" ಎಂದು ಏಳಲು ಹೋದ.

ಗುರುಗಳು ಅವನ ಭುಜದ ಮೇಲೆ ಕೈಯಿಟ್ಟು ಹೇಳಿದರು: "ಹುಡುಕಬೇಡ ಮಗು, ನಿನ್ನನ್ನು ಕರೆದ ಊರಿನವರು ಹಾಸು ಹಿಡಿದು ಕಾಯುತ್ತಿದ್ದಾರೆ, ಕೊನೆಯ ಮನೆ ನೀನು, ಎರಡೂ ಬಾಗಿಲು ತೆರೆದಿಡು."